ಕೋಲು ಮತ್ತು ಕಟ್ಟು: ‘ನಿಯಂತ್ರಿಸು’ ಎಂಬ ಕ್ರಿಯಾಪದದ ಹಿನ್ನೆಲೆ

ಆಡಳಿತದ ಕನ್ನಡದಲ್ಲಿ ಇಂದು ಅತ್ಯಂತ ಹೆಚ್ಚು ದುಡಿಯುತ್ತಿರುವ ಕ್ರಿಯಾಪದಗಳಲ್ಲಿ ‘ನಿಯಂತ್ರಿಸು’ ಎಂಬುದು ಒಂದು. ಬೆಲೆ, ಸಂಚಾರ, ಜನಸಂದಣಿ, ಮಾಲಿನ್ಯ, ರಕ್ತದೊತ್ತಡ, ಅಣೆಕಟ್ಟಿನ ಹೊರಹರಿವು ಇವೆಲ್ಲವೂ ಈ ಒಂದೇ ಪದದ ಸುಪರ್ದಿಗೆ ಬಂದಿವೆ. ಇಂಗ್ಲಿಷಿನಲ್ಲಿ ‘ಕಂಟ್ರೋಲ್’ ಎಂದೂ ‘ರೆಗ್ಯುಲೇಟ್’ ಎಂದೂ ಬೇರೆಬೇರೆಯಾಗಿ ಹೇಳುವ ಎರಡು ಕೆಲಸಗಳ ಭಾರವನ್ನು ಕನ್ನಡದಲ್ಲಿ ಇದೊಂದೇ ಹೊರುತ್ತಿದೆ. ಆದರೆ ಆ ಎರಡು ಕೆಲಸಗಳ ಹುಟ್ಟು ಒಂದೇ ಅಲ್ಲ. ‘ಕಂಟ್ರೋಲ್’ ಹುಟ್ಟಿದ್ದು ಲೆಕ್ಕದ ಕೋಣೆಯಲ್ಲಿ: ಒಬ್ಬ ಗುಮಾಸ್ತ ಬರೆದ ಲೆಕ್ಕದ ಸುರುಳಿಗೆ ಎದುರಾಗಿ ಇನ್ನೊಬ್ಬನು ಪ್ರತಿಸುರುಳಿಯೊಂದನ್ನು ಇಟ್ಟು, ಎರಡನ್ನೂ ತಾಳೆ ನೋಡುವ ಮಧ್ಯಯುಗದ ಫ್ರೆಂಚ್ ಪದ್ಧತಿ ಆ ಪದದ ಮೂಲ. ‘ರೆಗ್ಯುಲೇಟ್’ ಹುಟ್ಟಿದ್ದು ಬಡಗಿಯ ಕೈಯಲ್ಲಿ. ‘ನಿಯಂತ್ರಿಸು’ ಹುಟ್ಟಿದ್ದಾದರೋ ಸಾರಥಿಯ ಕೈಯಲ್ಲಿ.

ನಿಯಮ ಹಾಕಿ ಆಳುವುದನ್ನು ಸೂಚಿಸುವ ಹಳೆಯ ಪದಗಳ ಬೇರನ್ನು ಕೆದಕಿದಾಗ ಮತ್ತೆ ಮತ್ತೆ ಎರಡು ಸಾಮಾನ್ಯ ವಸ್ತುಗಳು ಎದುರಾಗುತ್ತವೆ: ಕೋಲು ಮತ್ತು ಹಗ್ಗ. ಕೋಲಿನಿಂದ ಅಳೆಯಬಹುದು, ಸೊಟ್ಟಗಿರುವುದನ್ನು ನೆಟ್ಟಗಾಗಿಸಬಹುದು, ಬೇಕೆಂದರೆ ಬಡಿಯಲೂಬಹುದು. ಹಗ್ಗದಿಂದ ಹಿಡಿದಿಡಬಹುದು, ತಡೆಯಬಹುದು, ಬಿಡಿಬಿಡಿಯಾದುದನ್ನು ಒಂದುಗೂಡಿಸಬಹುದು. ಒಂದು ಭಾಷೆಯ ಕೋಲಿನ ಪದವನ್ನು ಇನ್ನೊಂದು ಭಾಷೆಯ ಹಗ್ಗದ ಪದದಿಂದ ಅನುವಾದಿಸಿದಾಗ ಅರ್ಥವು ತುಸು ಸರಿದೇ ಸರಿಯುತ್ತದೆ, ಕನ್ನಡದಲ್ಲಿ ಆಗಿರುವುದೂ ಅದೇ.

ಕೋಲಿನ ಕಥೆಯನ್ನು ಲ್ಯಾಟಿನ್ ಭಾಷೆಯಿಂದ ಆರಂಭಿಸುವುದು ಅನುಕೂಲ. ಆ ಭಾಷೆಯ ‘ರೆಗೆರೆ’ ಎಂಬ ಧಾತುವಿಗೆ ನೇರವಾಗಿ ನಡೆಸು, ದಾರಿ ತಪ್ಪದಂತೆ ಒಯ್ಯು ಎಂಬ ಅರ್ಥವಿದ್ದು, ಅದರಿಂದ ಹುಟ್ಟಿದ ‘ರೆಗ್ಯುಲಾ’ ಎಂಬುದು ಬಡಗಿಯೂ ಗಾರೆಯವನೂ ಗೆರೆ ಎಳೆಯಲು ಬಳಸುತ್ತಿದ್ದ ನೆಟ್ಟನೆಯ ಮರದ ಪಟ್ಟಿಗೆ ಹೆಸರಾಗಿತ್ತು. ಕೆಲಸದ ವಸ್ತುವಿನ ಈ ಹೆಸರು ಮೊದಲು ನಡತೆಯ ಅಳತೆಗೂ ಆಮೇಲೆ ರೋಮನ್ ನ್ಯಾಯಶಾಸ್ತ್ರದಲ್ಲಿ ಸಂಕ್ಷಿಪ್ತ ಸೂತ್ರಕ್ಕೂ ಅನ್ವಯವಾಯಿತು. 6ನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠವಾಸಿಗಳಿಗೆ ರಚಿಸಿದ ಜೀವನಕ್ರಮಕ್ಕೂ ಅದೇ ಹೆಸರು ಬಂದು, ಅಂಥ ಕಟ್ಟಳೆಗೆ ಒಳಪಟ್ಟು ಬದುಕುವ ಸಂನ್ಯಾಸಿಗಳು ‘ರೆಗ್ಯುಲರ್’ ಎನಿಸಿದರು. ಇಂದು ಕಾಲೇಜಿಗೆ ದಿನವೂ ಹೋಗುವ ವಿದ್ಯಾರ್ಥಿಯನ್ನು ಕನ್ನಡಿಗರು ‘ರೆಗ್ಯುಲರ್’ ಎಂದು ಕರೆಯುವಾಗ ಆ ಮಠದ ಗಂಟೆಯ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಇಂಗ್ಲಿಷಿಗೆ ‘ರೂಲ್’ ಎಂಬುದು ಫ್ರೆಂಚ್ ಮೂಲಕ ಸವೆದು ಸಣ್ಣದಾಗಿ ಬಂದರೆ, ‘ರೆಗ್ಯುಲೇಟ್’ ಎಂಬುದು 15ನೆಯ ಶತಮಾನದಲ್ಲಿ ಲ್ಯಾಟಿನ್ನಿನಿಂದಲೇ ಪಂಡಿತರ ಕೈಯಿಂದ ಇಡಿಯಾಗಿ ಬಂದಿತು. ಬಡಗಿಯ ಇನ್ನೊಂದು ಉಪಕರಣವಾದ ಮೂಲೆಮಟ್ಟಕ್ಕೆ ಲ್ಯಾಟಿನ್ನಿನಲ್ಲಿ ‘ನಾರ್ಮಾ’ ಎಂದು ಹೆಸರು. ‘ನಾರ್ಮಲ್’ ಎಂಬ ಪದ ಅಲ್ಲಿಂದ ಬಂದಿದೆ.

ಈ ಕುಟುಂಬಕ್ಕೆ ಸಂಸ್ಕೃತದಲ್ಲಿಯೂ ನೆಂಟರಿದ್ದಾರೆ. ನೆಟ್ಟಗಿರುವುದು ಎಂಬ ಅರ್ಥದ ‘ಋಜು’ ಶಬ್ದವು ಲ್ಯಾಟಿನ್ನಿನ ಈ ಧಾತುವಿಗೆ ಸೋದರಸಂಬಂಧಿ ಎಂದು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ಅಲ್ಲಿಯ ‘ರೆಕ್ಸ್’ ಮತ್ತು ಇಲ್ಲಿಯ ‘ರಾಜನ್’ ಕೂಡ ಒಂದೇ ಬೇರಿನವು ಎಂಬುದು ಅವರಲ್ಲಿ ಬಹುಪಾಲು ಮಂದಿಯ ಅಭಿಪ್ರಾಯ. ಕಾಗದಪತ್ರಕ್ಕೆ ಹಾಕುವ ಸಹಿಯನ್ನು ‘ಋಜು’ ಎಂದು ಬರೆಯುವ ರೂಢಿಯನ್ನು ಮಾತ್ರ ಈ ಸಾಲಿಗೆ ಸೇರಿಸುವಂತಿಲ್ಲ. ಅದು ಅರಬ್ಬಿ ಮೂಲದಿಂದ ದಫ್ತರದ ಮರಾಠಿಯ ಮೂಲಕ ಬಂದ ‘ರುಜು’, ‘ರುಜುವಾತು’ ಅದರ ಬಳಗ, ಅದಕ್ಕೆ ಋಕಾರ ತೊಡಿಸಿದ್ದು ಶುದ್ಧ ಬರವಣಿಗೆಯ ಹಂಬಲ.

ಗ್ರೀಕರ ‘ಕಾನೋನ್’ ಎಂಬುದೂ ನೆಟ್ಟನೆಯ ಕೋಲೇ. ಪಶ್ಚಿಮ ಏಷ್ಯಾದ ಸೆಮಿಟಿಕ್ ಭಾಷೆಗಳಲ್ಲಿ ಜೊಂಡಿಗೆ, ಅಂದರೆ ನೀರಿನ ಅಂಚಿನಲ್ಲಿ ಬೆಳೆಯುವ ಟೊಳ್ಳು ದಂಟಿನ ಹುಲ್ಲಿಗೆ, ಇದ್ದ ಹೆಸರೊಂದು ಗ್ರೀಕಿಗೆ ಹೋಗಿ ಅಳತೆಗೋಲಾಯಿತು. ಅಳತೆಗೋಲು ಅಲ್ಲಿಯೇ ಪ್ರಮಾಣವೂ ಕಟ್ಟಳೆಯೂ ಆಗಿ, ಪುನಃ ಅರಬ್ಬಿಗೆ ‘ಖಾನೂನ್’ ಎಂದು ಮರಳಿ, ಪಾರಸಿಯ ಬೆನ್ನೇರಿ ದಖ್ಖನ್ನಿಗೆ ಬಂದು ಕನ್ನಡದ ‘ಕಾನೂನು’ ಆಯಿತು. ಹೀಗೆ ಜೊಂಡುಹುಲ್ಲು ಕಚೇರಿಯ ಮೇಜಿನವರೆಗೆ ನಡೆದು ಬಂದ ದಾರಿ ಬಲು ದೊಡ್ಡದು. ಜೊತೆಯಲ್ಲೇ ಬಂದ ‘ಕಾಯಿದೆ’ ಕೋಲಿನ ಪದವೂ ಅಲ್ಲ, ಹಗ್ಗದ ಪದವೂ ಅಲ್ಲ. ಕುಳಿತುಕೊಳ್ಳುವುದನ್ನು ಹೇಳುವ ಅರಬ್ಬಿ ಧಾತುವಿನಿಂದ ಹುಟ್ಟಿದ ಅದಕ್ಕೆ ತಳಹದಿ, ಬುನಾದಿ ಎಂಬುದು ಮೂಲದ ಅರ್ಥ.

ಭಾರತದಲ್ಲಿ ಕೋಲು ಎಂದರೆ ದಂಡ. ಕೌಟಿಲ್ಯನ ಅರ್ಥಶಾಸ್ತ್ರವು ಉದ್ದದ ಅಳತೆಗಳನ್ನು ಹೇಳುವಾಗ ನಾಲ್ಕು ಮೊಳ, ಅಂದರೆ 96 ಅಂಗುಲ, ಸೇರಿದರೆ ಒಂದು ದಂಡವೆಂದು ಎಣಿಸುತ್ತದೆ. ಅದೇ ಗ್ರಂಥ ರಾಜ್ಯವನ್ನು ನಡೆಸುವ ವಿದ್ಯೆಯನ್ನು ದಂಡನೀತಿ ಎಂದು ಕರೆಯುತ್ತದೆ. ಅಳೆಯುವ ಕೋಲಿಗೂ ಹೊಡೆಯುವ ಕೋಲಿಗೂ ಒಂದೇ ಹೆಸರಿರುವುದನ್ನು ಕೇವಲ ಕಾಕತಾಳೀಯವೆಂದು ತಳ್ಳಿಹಾಕಲಾಗದು, ಏಕೆಂದರೆ ಅಳತೆಯನ್ನು ಒಪ್ಪದವನಿಗೆ ಪೆಟ್ಟು ಎಂಬ ತರ್ಕವೇ ಆಳ್ವಿಕೆಯ ಮೊದಲ ತರ್ಕವಾಗಿತ್ತು. ಹಿಂದಿನ ಕಾಲದ ಶಾಲೆಗಳಲ್ಲಿಯೂ ದಫ್ತರಗಳಲ್ಲಿಯೂ ಇದ್ದ ಉರುಟು ‘ರೂಲುದೊಣ್ಣೆ’ ಇದಕ್ಕೆ ತೀರ ಹತ್ತಿರದ ಉದಾಹರಣೆ; ಅದು ಪುಸ್ತಕದಲ್ಲಿ ಗೆರೆಯನ್ನೂ ಹುಡುಗರ ಅಂಗೈಯಲ್ಲಿ ಬರೆಯನ್ನೂ ಎಳೆಯುತ್ತಿತ್ತು. ‘ದಂಡ ಕಟ್ಟು’ ಎಂಬ ಮಾತಿನಲ್ಲಿ ಕನ್ನಡಿಗರು ಕೋಲನ್ನೂ ಹಗ್ಗವನ್ನೂ ಒಂದೇ ಉಸಿರಿನಲ್ಲಿ ಆಡಿಬಿಡುತ್ತಾರೆ.

ಕನ್ನಡ ಶಾಸನಗಳಲ್ಲಿ ಅಳತೆಗೋಲಿಗೆ ‘ಗಳೆ’ ಎಂದು ಹೆಸರು. ದಾನಕೊಟ್ಟ ಭೂಮಿಯ ವಿಸ್ತಾರವನ್ನು ‘ಮತ್ತರು’, ‘ಕಂಬ’ ಎಂಬ ಮಾನಗಳಲ್ಲಿ ಹೇಳುವಾಗ ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಶಾಸನಗಳು ಅನೇಕ ಸಲ ಸ್ಪಷ್ಟಪಡಿಸುತ್ತವೆ, ಏಕೆಂದರೆ ಗಳೆಯ ಉದ್ದ ನಾಡಿನಿಂದ ನಾಡಿಗೆ ಬೇರೆಯಾಗುತ್ತಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಬನವಾಸಿ ನಾಡನ್ನಾಳುತ್ತಿದ್ದ ಚಾವುಂಡರಾಯನು ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ಇದೆ. ಆ ಸುತ್ತಿನ ಶಾಸನಗಳಲ್ಲಿ ಬರುವ ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಹೆಸರು ಆ ಭೇರುಂಡನೊಂದಿಗೆ ಹೆಣೆದುಕೊಂಡಿದೆ. ದಕ್ಷಿಣ ಭಾರತದ ಹಲವು ದೇವಾಲಯಗಳ ಗೋಡೆ, ಅಧಿಷ್ಠಾನಗಳ ಮೇಲೆ ಅಳತೆಗೋಲಿನ ಉದ್ದವನ್ನೇ ಗೆರೆಯಾಗಿ ಕೊರೆದಿಡುವ ಪದ್ಧತಿಯೂ ಇತ್ತು. ಮರದ ಕೋಲನ್ನು ಅಧಿಕಾರಿ ಗುಟ್ಟಾಗಿ ಕುಯ್ದು ಗಿಡ್ಡಮಾಡಬಹುದು, ಕಲ್ಲಿನ ಮೇಲಿನ ಗೆರೆಯನ್ನು ಹಾಗೆ ಮಾಡಲಾಗದು. ಅಳತೆ ಎಲ್ಲರ ಕಣ್ಣೆದುರು ನಿಂತಾಗ ಅದು ಅಳೆಸಿಕೊಳ್ಳುವವನಂತೆ ಅಳೆಯುವವನನ್ನೂ ಹಿಡಿದಿಡುತ್ತದೆ.

ಈ ಪರಂಪರೆಯ ಅತ್ಯಂತ ಪ್ರಸಿದ್ಧ ಅಧ್ಯಾಯ ಕೆಳದಿಯದು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ತನ್ನ ರಾಜ್ಯದ ಗದ್ದೆ, ತೋಟಗಳಿಗೆ ಕಂದಾಯವನ್ನು ಗೊತ್ತುಪಡಿಸಿದ ಕ್ರಮ ‘ಶಿವಪ್ಪನಾಯಕನ ಶಿಸ್ತು’ ಎಂದೇ ಜನರ ನಾಲಗೆಯಲ್ಲಿ ಉಳಿದಿದೆ. 19ನೆಯ ಶತಮಾನದ ಗೆಜೆಟಿಯರುಗಳು ದಾಖಲಿಸಿರುವ ಪ್ರತೀತಿಯಂತೆ, ಪ್ರತಿ ಊರಿನಲ್ಲೂ ಒಂದೊಂದು ಬಗೆಯ ನೆಲದ ಒಂದು ಹೊಲವನ್ನು ಅರಮನೆಯ ಖರ್ಚಿನಿಂದಲೇ 12 ವರ್ಷ ಸಾಗುವಳಿ ಮಾಡಿಸಿ, ಬಿತ್ತನೆ, ಕೂಲಿ, ಫಸಲು, ಧಾರಣೆ ಇವುಗಳ ಲೆಕ್ಕವನ್ನಿಟ್ಟು, ಅವುಗಳ ಸರಾಸರಿಯ ಮೇಲೆ ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಸರ್ಕಾರದ ಪಾಲೆಂದು ನಿಗದಿಪಡಿಸಲಾಯಿತು. ನೆಲವನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿಗಳಾಗಿ ವಿಂಗಡಿಸಲಾಯಿತು. ಅಡಿಕೆ ತೋಟಗಳನ್ನು ಅಳೆಯಲು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನಷ್ಟು, ಅಂದರೆ ಸುಮಾರು 18 ಅಡಿ 6 ಅಂಗುಲ ಉದ್ದದ ಕೋಲನ್ನು ಬಳಸಿದರೆಂದೂ ಅದೇ ದಾಖಲೆಗಳು ಹೇಳುತ್ತವೆ. ಇಲ್ಲಿಯೂ ಕೋಲಿನ ಉದ್ದಕ್ಕೆ ಸಾಕ್ಷಿ ದೇವಾಲಯದ ಕಲ್ಲೇ.

‘ಶಿಸ್ತು’ ಎಂಬ ಪದ ಪಟ್ಟ ಪಾಡು ಗಮನಾರ್ಹ. ಕಂದಾಯದ ಕಡತದಲ್ಲಿ ಅದಕ್ಕೆ ಗೊತ್ತುಪಡಿಸಿದ ಮೊತ್ತ, ನಿಗದಿಯಾದ ತೆರಿಗೆ ಎಂಬ ಅರ್ಥವಿತ್ತು. ತೆಲುಗಿನಲ್ಲಿ ಇಂದಿಗೂ ಭೂಕಂದಾಯವೆಂದರೆ ‘ಶಿಸ್ತು’. ಕನ್ನಡದಲ್ಲಿ ಮಾತ್ರ ತೆರಿಗೆಯ ಅರ್ಥ ಶಿವಪ್ಪನಾಯಕನ ಹೆಸರಿನ ಜೊತೆಗಷ್ಟೇ ಅಂಟಿಕೊಂಡು ಉಳಿದು, ಉಳಿದೆಡೆ ಶಾಲೆಯ ಸಾಲು, ಸೈನಿಕರ ನಡಿಗೆ, ಒಪ್ಪವಾದ ಉಡುಪು ಇವುಗಳ ಅರ್ಥವೇ ಮುಂದಾಗಿದೆ. ಎಷ್ಟು ಕೊಡಬೇಕು ಎಂಬುದು ಮೊದಲೇ ಗೊತ್ತಿರುವ ಸ್ಥಿತಿಯನ್ನು ಹೇಳುತ್ತಿದ್ದ ಪದವು ಹೇಳಿದಂತೆ ಕೇಳುವ ಸ್ಥಿತಿಯನ್ನು ಹೇಳುವ ಪದವಾಗಿ ಬದಲಾದದ್ದು ರೈತನ ದೃಷ್ಟಿಯಿಂದ ಲಾಭದ ಬದಲಾವಣೆಯೇನೂ ಅಲ್ಲ.

ಹಗ್ಗದ ಕಡೆಗೆ ಬಂದರೆ, ‘ನಿಯಂತ್ರಿಸು’ ಎಂಬುದರ ಮೂಲದಲ್ಲಿರುವ ಸಂಸ್ಕೃತದ ‘ಯಮ್’ ಧಾತುವಿಗೆ ಹಿಡಿ, ಬಿಗಿಹಿಡಿ, ತಡೆ ಎಂಬ ಅರ್ಥಗಳಿವೆ. ಕುದುರೆಯ ವಾಘೆ ಹಿಡಿದವನು ‘ಯಂತೃ’ ಅಥವಾ ‘ನಿಯಂತೃ’. ಹಿಡಿದಿಡುವ ಸಾಧನ ‘ಯಂತ್ರ’. ಹಿಡಿದಿಡುವ ಕೆಲಸ ‘ನಿಯಂತ್ರಣ’. ಕಾರ್ಖಾನೆಯ ಯಂತ್ರ, ತಾಯಿತದೊಳಗಿನ ಯಂತ್ರ, ಇಂದ್ರಿಯಗಳ ಸಂಯಮ, ಸತ್ತವರನ್ನು ಒಯ್ಯುವ ಯಮ ಇವೆಲ್ಲವನ್ನೂ ನಿಘಂಟುಕಾರರು ಇದೇ ಧಾತುವಿನ ಕೆಳಗೆ ಕೂಡಿಸುತ್ತಾರೆ. ಕಠೋಪನಿಷತ್ತಿನ ರಥದ ರೂಪಕದಲ್ಲಿ ಬುದ್ಧಿ ಸಾರಥಿಯೂ ಮನಸ್ಸು ಕಡಿವಾಣವೂ ಇಂದ್ರಿಯಗಳು ಕುದುರೆಗಳೂ ಆಗಿವೆ. ಬೃಹದಾರಣ್ಯಕದ ಮೂರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಯಾಜ್ಞವಲ್ಕ್ಯನನ್ನು ಕೇಳುವುದು ಎರಡು ಸಂಗತಿಗಳನ್ನು: ಸಕಲ ಭೂತಗಳನ್ನೂ ಪೋಣಿಸಿರುವ ಸೂತ್ರ, ಅಂದರೆ ದಾರ ಯಾವುದು, ಮತ್ತು ಅವುಗಳ ಒಳಗಿದ್ದು ನಡೆಸುವ ಅಂತರ್ಯಾಮಿ ಯಾರು. ಪೋಣಿಸುವ ದಾರವೂ ಹಿಡಿದು ನಡೆಸುವವನೂ ಒಂದೇ ಪ್ರಶ್ನೆಯಲ್ಲಿ ಜೋಡಿಯಾಗಿ ಬಂದಿರುವುದು ಹಗ್ಗದ ಕಲ್ಪನೆ ಎಷ್ಟು ಆಳದ್ದೆಂಬುದನ್ನು ತೋರಿಸುತ್ತದೆ. ಪತಂಜಲಿಯ ಯೋಗಸೂತ್ರಗಳು ‘ಯಮ’, ‘ನಿಯಮ’ ಎಂಬ ಎರಡು ಅಂಗಗಳನ್ನು ಬೇರ್ಪಡಿಸುವ ರೀತಿಯೂ ಪ್ರಕೃತ ವಿಷಯಕ್ಕೆ ಉಪಯುಕ್ತ. ಅಹಿಂಸೆ, ಅಸ್ತೇಯ, ಅಪರಿಗ್ರಹ ಮೊದಲಾದ ಐದು ಯಮಗಳು ಬಹುಮಟ್ಟಿಗೆ ಬಿಡಬೇಕಾದುದನ್ನು ಹೇಳಿದರೆ, ಶೌಚ, ಸಂತೋಷ, ಸ್ವಾಧ್ಯಾಯ ಮೊದಲಾದ ಐದು ನಿಯಮಗಳು ತಪ್ಪದೆ ಮಾಡಬೇಕಾದುದನ್ನು ಹೇಳುತ್ತವೆ. ತಡೆಯುವುದೂ ಕ್ರಮವಾಗಿ ನಡೆಸುವುದೂ ಬೇರೆಬೇರೆ ಎಂಬ ಎಚ್ಚರ ಹೀಗೆ ಸಂಸ್ಕೃತದಲ್ಲಿ ಇದ್ದೇ ಇತ್ತು. ‘ನಿಯಂತ್ರಣ’ ಎಂಬ ಪದದಲ್ಲಿ ಆ ಎಚ್ಚರ ಅಷ್ಟಾಗಿ ಉಳಿಯಲಿಲ್ಲ.

ಇಂದಿನ ಪತ್ರಿಕೆಗಳ ತಲೆಬರಹಗಳಲ್ಲಿ ‘ನಿಯಂತ್ರಣ’ಕ್ಕೆ ಬದಲಾಗಿ ಬರುವ ‘ಕಡಿವಾಣ’, ‘ಲಗಾಮು’, ‘ಮೂಗುದಾರ’, ‘ಅಂಕುಶ’ ಎಂಬ ಪದಗಳನ್ನು ಸಾಲಾಗಿ ನಿಲ್ಲಿಸಿದರೆ, ಅವೆಲ್ಲ ಕುದುರೆ, ಎತ್ತು, ಆನೆಗಳನ್ನು ಹದ್ದಿನಲ್ಲಿಡುವ ಸಾಧನಗಳೇ. ಸಾರಥಿಯ ಚಿತ್ರ ಮರೆತುಹೋದರೂ ಅವನ ಕೈಯ ಬಿಗಿ ಭಾಷೆಯಲ್ಲಿ ಸಡಿಲವಾಗಿಲ್ಲ.

ಅಚ್ಚಗನ್ನಡದ ಹಗ್ಗದ ಪದವೆಂದರೆ ‘ಕಟ್ಟು’. ದ್ರಾವಿಡ ಭಾಷೆಗಳಲ್ಲೆಲ್ಲ ಹರಡಿರುವ ಈ ಧಾತುವಿಗೆ 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟು ಅರ್ಥಗಳ ದೊಡ್ಡ ಸಾಲನ್ನೇ ಕೊಡುತ್ತದೆ. ಹಸುವನ್ನು ಕಟ್ಟುತ್ತಾರೆ, ಮನೆಯನ್ನು ಕಟ್ಟುತ್ತಾರೆ, ಹೂವನ್ನು ಕಟ್ಟುತ್ತಾರೆ, ಹಾಡು ಕಟ್ಟುತ್ತಾರೆ, ಕಂದಾಯ ಕಟ್ಟುತ್ತಾರೆ, ಊರನ್ನೂ ಕಟ್ಟುತ್ತಾರೆ. ಬಿಗಿಯುವುದು ಮತ್ತು ನಿರ್ಮಿಸುವುದು ಎಂಬ ಎರಡು ಅರ್ಥಗಳೂ ಒಂದೇ ಪದದಲ್ಲಿ ಕೂಡಿವೆಯಾದ್ದರಿಂದ, ಅದರಿಂದ ಹುಟ್ಟಿದ ‘ಕಟ್ಟಳೆ’, ‘ಕಟ್ಟುಪಾಡು’, ‘ಕಟ್ಟುನಿಟ್ಟು’ ಎಂಬ ಪದಗಳಲ್ಲಿ ತಡೆಯ ಛಾಯೆಯೊಂದಿಗೆ, ಸಮುದಾಯವೊಂದನ್ನು ಬಿಡಿಯಾಗದಂತೆ ಹಿಡಿದಿರುವ ಹೆಣಿಗೆಯ ಛಾಯೆಯೂ ಇದೆ. ತಮಿಳು ಆಡಳಿತಭಾಷೆ ನಿಯಂತ್ರಣಕ್ಕೆ ‘ಕಟ್ಟುಪ್ಪಾಡು’ ಎಂಬ ದೇಶೀಯ ಪದವನ್ನೇ ಉಳಿಸಿಕೊಂಡಿದೆ; ಕನ್ನಡದಲ್ಲಿ ‘ಕಟ್ಟುಪಾಡು’ ಜಾತಿ, ಮನೆತನ, ಊರುಗಳ ಹಳೆಯ ನಡವಳಿಕೆಗೆ ಸೀಮಿತವಾಗಿ, ಒಂದಿಷ್ಟು ಹಳಸಿದ ವಾಸನೆಯನ್ನೂ ಪಡೆದುಕೊಂಡಿದೆ. ಇದು ಆ ಪದಕ್ಕೆ ಆದ ಅನ್ಯಾಯವೆಂದೇ ಹೇಳಬೇಕು.

‘ಕಟ್ಟು’ ಎಂಬುದರ ಪೂರ್ಣಾರ್ಥ ಕಾಣುವುದು ಕೆರೆಯ ಬಳಿ. ಹರಿಯುವ ನೀರಿಗೆ ಕಟ್ಟೆ ಹಾಕಿದಾಗ ಅದು ತಡೆ, ಆದರೆ ಆ ತಡೆಯ ಉದ್ದೇಶ ನೀರು ಹರಿಯದಿರಲಿ ಎಂಬುದಲ್ಲ, ಬೇಕಾದಾಗ ಬೇಕಾದಷ್ಟು ಹರಿಯಲಿ ಎಂಬುದು. ಅದಕ್ಕಾಗಿ ಏರಿಯಲ್ಲಿ ತೂಬು ಇರುತ್ತದೆ, ಹೆಚ್ಚಾದ ನೀರು ಹೊರಬೀಳಲು ಕೋಡಿ ಇರುತ್ತದೆ, ತೂಬನ್ನು ಎತ್ತಿ ಇಳಿಸಿ ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ಬಿಡಲು ನೀರಗಂಟಿ ಇರುತ್ತಾನೆ. ಕೆರೆ ಕಟ್ಟಿಸಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಕೊಟ್ಟ ಭೂದಾನಗಳನ್ನು ಶಾಸನಗಳು ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ ಎಂಬ ಹೆಸರುಗಳಿಂದ ಕರೆಯುತ್ತವೆ. ‘ರೆಗ್ಯುಲೇಟರ್’ ಎಂಬ ಇಂಗ್ಲಿಷ್ ಪದಕ್ಕೆ ಗಂಡಾಳಿನ ರೂಪದ ಕನ್ನಡ ಅನುವಾದ ಬೇಕೆಂದಿದ್ದರೆ ‘ನೀರಗಂಟಿ’ಗಿಂತ ಒಳ್ಳೆಯದು ಸಿಗುತ್ತಿರಲಿಲ್ಲ, ಬದಲಾಗಿ ಆ ಪದವು ಹಾಗೆಯೇ ಬಂದು ಮನೆಯ ಗೋಡೆಯ ಮೇಲೆ ಫ್ಯಾನಿನ ವೇಗವನ್ನು ಬದಲಿಸುವ ಗುಂಡಿಯಾಗಿ ಕುಳಿತಿದೆ.

ಕಟ್ಟುವವನು ತಾನೂ ಕಟ್ಟಿಗೆ ಒಳಪಟ್ಟಿದ್ದಾನೆಯೇ ಎಂಬ ಪ್ರಶ್ನೆ ಈ ಪದಗಳ ಚರಿತ್ರೆಯಲ್ಲಿ ಎಲ್ಲಕ್ಕಿಂತ ತೂಕದ್ದು. ಅದಕ್ಕೆ ಕನ್ನಡ ನಾಡಿನ ಹಳೆಯ ಉತ್ತರವೊಂದು ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಂಬವೊಂದರ ಮೇಲಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ, ಅಂದು ಪೊರಿಗೆರೆ ಎನಿಸಿದ್ದ ಆ ಪಟ್ಟಣದ ಮಹಾಜನರಿಗೂ ನಗರದವರಿಗೂ ಹದಿನೆಂಟು ‘ಪ್ರಕೃತಿ’ಗಳಿಗೂ, ಅಂದರೆ ಪ್ರಜಾವರ್ಗಗಳಿಗೂ, ಕೊಟ್ಟ ‘ಆಚಾರ ವ್ಯವಸ್ಥೆ’ ಅದು. ರಾಜಪುರುಷರು ಪಟ್ಟಣದವರ ಮನೆ, ದಾನ, ಮರ್ಯಾದೆ, ಅನುಭೋಗಗಳನ್ನು ಹೇಗೆ ಕಾಪಾಡಬೇಕೆಂಬುದನ್ನು ಆ ಶಾಸನ ಮೊದಲು ಹೇಳಿ, ಪಟ್ಟಣದವರು ತಂತಮ್ಮ ಮನೆಯ ಅಂತಸ್ತಿಗೆ ಅನುಗುಣವಾಗಿ ಎಷ್ಟೆಷ್ಟು ತೆರಬೇಕೆಂಬುದನ್ನು ಆಮೇಲೆ ಹೇಳುತ್ತದೆ. ಕೆಲವು ಅಪರಾಧಗಳ ದಂಡ ಅರಸನಿಗಲ್ಲದೆ ಶ್ರೇಣಿಗೆ, ಎಂದರೆ ವೃತ್ತಿಸಂಘಕ್ಕೆ, ಸಲ್ಲಬೇಕೆನ್ನುತ್ತದೆ. ಅಧಿಕಾರಿಗಳ ಕರ್ತವ್ಯ ಮೊದಲು, ಪ್ರಜೆಗಳ ತೆರಿಗೆ ಆಮೇಲೆ ಎಂಬ ಈ ಅನುಕ್ರಮವನ್ನು ಲಿಪಿಕಾರನ ಅಭ್ಯಾಸವೆಂದು ಕಡೆಗಣಿಸುವುದು ಕಷ್ಟ.

ಅದೇ ಪ್ರಶ್ನೆ ಸಾವಿರ ವರ್ಷಗಳ ಬಳಿಕ ‘ರೆಗ್ಯುಲೇಟ್’ ಎಂಬ ಪದವನ್ನು ಹೊತ್ತು ಭಾರತಕ್ಕೆ ಬಂದಿತು. 1773ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ‘ರೆಗ್ಯುಲೇಟಿಂಗ್ ಆ್ಯಕ್ಟ್’ ಕ್ರಮಕ್ಕೆ ತರಹೊರಟದ್ದು ಭಾರತೀಯರನ್ನಲ್ಲ, ಈಸ್ಟ್ ಇಂಡಿಯಾ ಕಂಪನಿಯನ್ನು. ಬಂಗಾಳದ ಗವರ್ನರನನ್ನು ಗವರ್ನರ್ ಜನರಲ್ ಆಗಿಸಿ, ಅವನ ಪಕ್ಕಕ್ಕೆ ನಾಲ್ವರ ಮಂಡಳಿಯನ್ನೂ ಕಲ್ಕತ್ತೆಗೆ ಸುಪ್ರೀಂ ಕೋರ್ಟನ್ನೂ ಕೊಟ್ಟದ್ದು ಅದೇ ಶಾಸನ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅಟ್ಲಾಂಟಿಕ್‌ನ ಆಚೆ ಉತ್ತರ ಕೆರೋಲಿನಾದ ರೈತರು, ಲಂಚಕೋರ ಅಧಿಕಾರಿಗಳನ್ನು ಹದ್ದಿಗೆ ತರುತ್ತೇವೆಂದು ತಮ್ಮನ್ನು ‘ರೆಗ್ಯುಲೇಟರ್’ ಎಂದು ಕರೆದುಕೊಂಡು ಬಂಡೆದ್ದು, 1771ರ ಮೇ ತಿಂಗಳಲ್ಲಿ ಅಲಮ್ಯಾನ್ಸ್ ಎಂಬಲ್ಲಿ ಗವರ್ನರನ ಪಡೆಯಿಂದ ಸೋತರು. ಆಳುವವರನ್ನು ಆಳಿಸಿಕೊಳ್ಳುವವರು ನೆಟ್ಟಗೆ ಮಾಡುವುದು ಎಂಬ ಅರ್ಥವೂ ಆ ಕ್ರಿಯಾಪದಕ್ಕೆ ಒಂದು ಕಾಲದಲ್ಲಿ ಸಾಧ್ಯವಿತ್ತೆಂಬುದಕ್ಕೆ ಇದು ಸಾಕ್ಷಿ.

ಕಾರ್ನ್‌ವಾಲಿಸನು 1793ರಲ್ಲಿ ಬಂಗಾಳಕ್ಕಾಗಿ ಹೊರಡಿಸಿದ ಕಾನೂನುಗಳಿಗೆ ‘ರೆಗ್ಯುಲೇಷನ್’ ಎಂದು ಹೆಸರು. ಅವುಗಳಲ್ಲಿ 41ನೆಯದು, ಮುಂದೆ ಮಾಡುವ ಪ್ರತಿಯೊಂದು ರೆಗ್ಯುಲೇಷನ್ನಿಗೂ ಅದನ್ನು ಮಾಡಿದ ಕಾರಣವನ್ನು ಹೇಳುವ ಪೀಠಿಕೆ ಇರಬೇಕು, ಅವನ್ನು ಮುದ್ರಿಸಬೇಕು, ದೇಶಭಾಷೆಗಳಿಗೆ ಅನುವಾದಿಸಬೇಕು ಎಂದು ವಿಧಿಸಿತು. ಮದ್ರಾಸ್ ಪ್ರಾಂತವೂ 1802ರಲ್ಲಿ ಇದೇ ಮಾದರಿಯನ್ನು ಹಿಡಿಯಿತು. ಕಲ್ಲಿನ ಮೇಲೆ ಅಳತೆಗೋಲಿನ ಗೆರೆ ಕೊರೆದವರ ಉದ್ದೇಶಕ್ಕೂ ಇದಕ್ಕೂ ಹೋಲಿಕೆಯಿದೆ. ಆದರೆ ಆ ಹೋಲಿಕೆ ಬಹುಕಾಲ ಬಾಳಲಿಲ್ಲ. 1818ರ ಬಂಗಾಳದ ಮೂರನೆಯ ರೆಗ್ಯುಲೇಷನ್ ಯಾರನ್ನಾದರೂ ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಮದ್ರಾಸಿನಲ್ಲಿ 1819ರಲ್ಲಿಯೂ ಬೊಂಬಾಯಿಯಲ್ಲಿ 1827ರಲ್ಲಿಯೂ ಅದರ ಪ್ರತಿರೂಪಗಳು ಬಂದವು. ಲಾಲಾ ಲಜಪತರಾಯರನ್ನು 1907ರಲ್ಲಿ ಮಾಂಡಲೆಗೆ ಗಡೀಪಾರು ಮಾಡಿದ್ದು ಈ 1818ರ ಕಟ್ಟಳೆಯ ಮೇರೆಗೆ. ನೆಟ್ಟನೆಯ ಪಟ್ಟಿಯ ಹೆಸರು ಹೊತ್ತ ಪದ, ಕಾರಣವನ್ನೇ ಹೇಳಬೇಕಿಲ್ಲದ ಸಂಕೋಲೆಯಾಗಿ ಹೋದದ್ದು ಹೀಗೆ.

ಬ್ರಿಟಿಷ್ ಭಾರತದಲ್ಲಿ 1833ರ ಚಾರ್ಟರ್ ಆ್ಯಕ್ಟಿನ ನಂತರ ಹೊಸ ಕಾನೂನುಗಳು ‘ಆ್ಯಕ್ಟ್’ ಎನಿಸಿಕೊಂಡವಾದರೂ, 1881ರಲ್ಲಿ ಒಡೆಯರಿಗೆ ಮರಳಿದ ಮೈಸೂರು ಸಂಸ್ಥಾನ ‘ರೆಗ್ಯುಲೇಷನ್’ ಎಂಬ ಹಳೆಯ ಹೆಸರನ್ನೇ ಬಹುಕಾಲ ಇಟ್ಟುಕೊಂಡಿತು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆದ 1894ರ ಶಿಶುವಿವಾಹ ನಿಷೇಧ, ಪತ್ರಿಕೆಗಳ ಬಾಯಿಗೆ ಬೀಗ ಹಾಕಹೊರಟ 1908ರ ವೃತ್ತಪತ್ರಿಕಾ ಕಾನೂನು, ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ಕಡ್ಡಾಯ ಮಾಡಲು ದಾರಿ ತೆರೆದ 1913ರ ಪ್ರಾಥಮಿಕ ಶಿಕ್ಷಣ ಕಾನೂನು, 1916ರಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಕಾನೂನು, ಇವೆಲ್ಲವೂ ರೆಗ್ಯುಲೇಷನ್ನುಗಳೇ. ಮಗುವನ್ನು ರಕ್ಷಿಸುವುದು, ಸಂಪಾದಕನನ್ನು ಹೆದರಿಸುವುದು, ವಿದ್ಯಾಪೀಠವನ್ನು ಕಟ್ಟುವುದು ಎಂಬ ಮೂರು ಬಗೆಯ ಕೆಲಸಗಳಿಗೂ ಅಂದಿನ ಸರ್ಕಾರಕ್ಕೆ ಒಂದೇ ಹೆಸರು ಸಾಕಾಗಿತ್ತು.

ರಾಜ್ಯದ ಏಕೀಕರಣದ ನಂತರ, ಮುಖ್ಯವಾಗಿ 1963ರ ರಾಜ್ಯಭಾಷಾ ಅಧಿನಿಯಮದ ಬಳಿಕ, ಕಾನೂನಿನ ಪಾರಿಭಾಷಿಕಗಳು ಕನ್ನಡದಲ್ಲಿ ನೆಲೆಗೊಂಡಾಗ ಶಾಸನಸಭೆ ಮಾಡುವುದು ‘ಅಧಿನಿಯಮ’, ಅದರ ಅಡಿಯಲ್ಲಿ ಸರ್ಕಾರ ಮಾಡುವುದು ‘ನಿಯಮ’, ಮಂಡಳಿಗಳೂ ಪ್ರಾಧಿಕಾರಗಳೂ ಮಾಡಿಕೊಳ್ಳುವುದು ‘ವಿನಿಯಮ’ ಎಂಬ ಶ್ರೇಣಿ ಏರ್ಪಟ್ಟಿತು. ಒಂದೇ ‘ಯಮ್’ ಧಾತುವಿಗೆ ಮೂರು ಬಗೆಯ ಉಪಸರ್ಗಗಳನ್ನು ತೊಡಿಸಿದ ಈ ಏರ್ಪಾಡು ವಕೀಲರಿಗೆ ಅನುಕೂಲವಾಗಿದ್ದರೂ, ಕಚೇರಿಯ ಹೊರಗಿನ ಜನ ‘ಕಾನೂನು’, ‘ಕಾಯಿದೆ’, ‘ರೂಲ್ಸು’ ಎಂಬುದನ್ನೇ ಬಿಡದೆ ಹಿಡಿದಿದ್ದಾರೆ. ‘ರೆಗ್ಯುಲರೈಸ್’ ಎಂಬುದರ ಪಾಲಿಗೆ ಮಾತ್ರ ಕನ್ನಡ ಬೇರೆಯೇ ದಾರಿ ಹಿಡಿದು ‘ಸಕ್ರಮಗೊಳಿಸು’ ಎಂಬ ಸೊಗಸಾದ ಪದವನ್ನು ಮಾಡಿಕೊಂಡಿತು. ಸರ್ಕಾರದ ಅಪ್ಪಣೆಯಿಲ್ಲದೆ ಸಾಗುವಳಿ ಮಾಡಿದ ಜಮೀನು, ಪಾರಸಿ ನುಡಿಗಟ್ಟಿನಲ್ಲಿ ‘ಬಗರ್ ಹುಕುಂ’. ಅದನ್ನು ಸಾಗುವಳಿದಾರರ ಹೆಸರಿಗೆ ಮಾಡಿಕೊಡಲು 1964ರ ಭೂಕಂದಾಯ ಅಧಿನಿಯಮಕ್ಕೆ 1991ರಲ್ಲಿ ತಿದ್ದುಪಡಿಯಾದ ಮೇಲೆ ‘ಅಕ್ರಮ-ಸಕ್ರಮ’ ಎಂಬ ಜೋಡಿಪದ ತಾಲ್ಲೂಕು ಕಚೇರಿಯ ಜಗಲಿಯಿಂದ ಚುನಾವಣಾ ಭಾಷಣದವರೆಗೆ ಹಬ್ಬಿತು. ಸೊಟ್ಟಗಿರುವುದನ್ನು ನೆಟ್ಟಗೆ ಮಾಡುವ ಲ್ಯಾಟಿನ್ ಕೋಲು ಕನ್ನಡದಲ್ಲಿ ಪುನಃ ಕಾಣಿಸಿಕೊಂಡ ಒಂದೇ ಜಾಗ ಬಹುಶಃ ಇದು. ಅಲ್ಲಿಯೂ ಕೋಲನ್ನು ನೆಲದ ಮೇಲಿಡದೆ ಗೆರೆಯನ್ನೇ ಸರಿಸಿ ನೆಟ್ಟಗೆ ಮಾಡಿದ್ದುಂಟು ಎಂಬ ಆಕ್ಷೇಪ ಬೇರೆ ಮಾತು.

ಪದದ ಆಯ್ಕೆಯಿಂದ ಅರ್ಥ ಸರಿದುದಕ್ಕೆ ಕೃಷಿ ಮಾರುಕಟ್ಟೆ ಒಂದು ನಿದರ್ಶನ. ದಲಾಲರು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಗುಟ್ಟಾಗಿ ಧಾರಣೆ ಕುದುರಿಸುವುದು, ತೂಕದಲ್ಲಿ ಮೋಸ, ಹಮಾಲಿ, ಧರ್ಮಾದಾಯ ಮೊದಲಾದ ಹೆಸರುಗಳಲ್ಲಿ ರೈತನ ಹಣದಿಂದ ಮುರಿದುಕೊಳ್ಳುವುದು ಇವಕ್ಕೆ ತಡೆಹಾಕಲು 1897ರಲ್ಲಿ ಬೇರಾರಿನ ಹತ್ತಿ ಮತ್ತು ಧಾನ್ಯದ ಪೇಟೆಗಳಿಗೆ ಕಾನೂನು ಬಂದಿತು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಅದನ್ನು ದೇಶಕ್ಕೆಲ್ಲ ಶಿಫಾರಸು ಮಾಡಿತು. ಮೈಸೂರು 1939ರಲ್ಲಿ ಕಾನೂನು ಮಾಡಿತು, ಇಡೀ ರಾಜ್ಯಕ್ಕೆ ಒಂದೇ ಕಾನೂನು 1966ರಲ್ಲಿ ಆಯಿತು. ಬಹಿರಂಗ ಹರಾಜು, ಸರಿಯಾದ ತಕ್ಕಡಿ, ಪ್ರಕಟಿತ ದಲಾಲಿ ದರ ಇವುಗಳಿರುವ ಪೇಟೆಯನ್ನು ಇಂಗ್ಲಿಷ್ ‘ರೆಗ್ಯುಲೇಟೆಡ್’ ಎಂದಿತು, ಅಂದರೆ ಅಳತೆಗೆ ಒಳಪಟ್ಟದ್ದು. ಕನ್ನಡ ಅದನ್ನು ‘ನಿಯಂತ್ರಿತ ಮಾರುಕಟ್ಟೆ’ ಎಂದಿತು, ಅಂದರೆ ಹಿಡಿದಿಟ್ಟದ್ದು. ಮಾರುವ ಕಟ್ಟೆಯೇ ‘ಮಾರುಕಟ್ಟೆ’ಯಾಗಿರುವಾಗ ಅದಕ್ಕೆ ಇನ್ನೊಂದು ಹಗ್ಗ ಬಿಗಿದಂತಾಯಿತು. ತಕ್ಕಡಿಯನ್ನು ಸರಿಪಡಿಸುವ ವ್ಯವಸ್ಥೆಯನ್ನು, ಎಲ್ಲಿ ಮಾರಬೇಕೆಂದು ಕಟ್ಟುಹಾಕುವ ವ್ಯವಸ್ಥೆಯೆಂದು ರೈತನು ಅರ್ಥಮಾಡಿಕೊಂಡಿದ್ದರೆ, ಅದಕ್ಕೆ ಕಾನೂನಿನ ಇತರ ಕಲಮುಗಳ ಜೊತೆಗೆ ಈ ಹೆಸರೂ ತುಸು ಕಾರಣ.

ನೀರಿನ ವಿಷಯದಲ್ಲಿ ಈ ಗೊಂದಲ ಇನ್ನೂ ತೀಕ್ಷ್ಣ. ಯಂತ್ರಶಾಸ್ತ್ರದಲ್ಲಿ ‘ರೆಗ್ಯುಲೇಟ್’ ಎಂದರೆ ಏರಿಳಿತವಿಲ್ಲದಂತೆ ಸಮವಾಗಿ ನಡೆಸು ಎಂದರ್ಥ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಅಳವಡಿಸಿದ ತಿರುಗುಗುಂಡುಗಳ ‘ಗವರ್ನರ್’, ವೇಗ ಹೆಚ್ಚಿದಾಗ ಉಗಿಯನ್ನು ತಗ್ಗಿಸಿ ವೇಗ ಇಳಿದಾಗ ಉಗಿಯನ್ನು ಹೆಚ್ಚಿಸುತ್ತಿತ್ತು. ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕಾಗಿ ವಿಶ್ವೇಶ್ವರಯ್ಯನವರು ರೂಪಿಸಿ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು, ನೀರು ಒಂದು ಮಟ್ಟ ಮೀರಿದೊಡನೆ ತಾವೇ ತೆರೆದು ಮಟ್ಟ ಇಳಿದೊಡನೆ ತಾವೇ ಮುಚ್ಚಿಕೊಳ್ಳುತ್ತಿದ್ದವು. ನೀರಗಂಟಿಯ ಕೈ ಅಲ್ಲಿ ಯಂತ್ರಕ್ಕೆ ಬಂದಿತ್ತು, ಆದರೆ ಕೆಲಸ ಅವನದೇ: ತಡೆಯುವುದೂ ಬಿಡುವುದೂ ಒಂದೇ ಕ್ರಿಯೆಯ ಎರಡು ಮುಖಗಳು. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ರಚಿತವಾದ, ಕಾವೇರಿಯಲ್ಲಿ ಯಾವಾಗ ಎಷ್ಟು ನೀರು ಬಿಡಬೇಕೆಂದು ಗೊತ್ತುಪಡಿಸುವ ಸಮಿತಿಯ ಇಂಗ್ಲಿಷ್ ಹೆಸರಿನಲ್ಲಿರುವ ‘ರೆಗ್ಯುಲೇಷನ್’ ಕನ್ನಡದ ಪತ್ರಿಕೆಗಳಲ್ಲಿ ‘ಕಾವೇರಿ ನೀರು ನಿಯಂತ್ರಣ ಸಮಿತಿ’ಯಾಗಿದೆ. ಹಂಚಿಕೆಯ ಕ್ರಮವನ್ನು ನೋಡಿಕೊಳ್ಳುವ ಸಮಿತಿ, ಹೆಸರಿನ ಮಟ್ಟಿಗಾದರೂ, ಮಂಡ್ಯದ ರೈತನಿಗೆ ತನ್ನ ಹೊಳೆಯ ಮೂಗುದಾರ ಹಿಡಿದ ಅಪರಿಚಿತನಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಈ ವಿಷಯದಲ್ಲಿ 1924ರ ಫೆಬ್ರವರಿ 18ರಂದು ಮೈಸೂರು ಮತ್ತು ಮದ್ರಾಸ್ ಸರ್ಕಾರಗಳ ನಡುವೆ ಆದ ಕಾವೇರಿ ಒಪ್ಪಂದದ ಭಾಷೆ ಪರಿಶೀಲನೆಗೆ ಅರ್ಹವಾಗಿದೆ. ಅದಕ್ಕೆ ಲಗತ್ತಿಸಿದ, ಕೃಷ್ಣರಾಜಸಾಗರವನ್ನು ಹೇಗೆ ನಡೆಸಬೇಕೆಂಬ ವಿಧಿಗಳಿಗೆ ‘ರೂಲ್ಸ್ ಆಫ್ ರೆಗ್ಯುಲೇಷನ್’ ಎಂದು ಹೆಸರು. ರೂಲ್, ರೆಗ್ಯುಲೇಷನ್ ಎರಡೂ ಒಂದೇ ಲ್ಯಾಟಿನ್ ಪದದ ಮಕ್ಕಳಾದ್ದರಿಂದ ಬೇರಿನ ಲೆಕ್ಕದಲ್ಲಿ ಅದು ಕೋಲಿನ ಕೋಲು. ಆ ವಿಧಿಗಳ ಪ್ರಕಾರ ಮೈಸೂರು ತನ್ನ ಜಲಾಶಯದಲ್ಲಿ ನೀರು ತುಂಬಿಸಿಕೊಳ್ಳುವ ಮೊದಲು ತಿರುಚಿರಾಪಳ್ಳಿಯ ಬಳಿಯ ಅಪ್ಪರ್ ಆನಿಕಟ್ಟಿನಲ್ಲಿ ನಿಲ್ಲಿಸಿದ ಅಳತೆಪಟ್ಟಿಯ ಮೇಲೆ ಆಯಾ ತಿಂಗಳಿಗೆ ಗೊತ್ತುಪಡಿಸಿದಷ್ಟು ಅಡಿ ನೀರು ತೋರುತ್ತಿರಬೇಕಿತ್ತು. ಎರಡು ಸರ್ಕಾರಗಳ ಮಾತು ನಿಂತದ್ದು ನೀರಿನಲ್ಲಿ ನಿಂತ ಒಂದು ಅಳತೆಗೋಲಿನ ಮೇಲೆ. ಆ ಅಳತೆಗೋಲು ನಿಂತಿದ್ದ, 1836ರಲ್ಲಿ ಆರ್ಥರ್ ಕಾಟನ್ ಕಟ್ಟಿಸಿದ ಒಡ್ಡಿಗೆ ಇಂಗ್ಲಿಷ್ ಎಂಜಿನಿಯರುಗಳು ಕೊಟ್ಟ ‘ಆನಿಕಟ್’ ಎಂಬ ಹೆಸರು ಅವರ ಭಾಷೆಯದಲ್ಲ. ತಮಿಳಿನ ‘ಅಣೈಕ್ಕಟ್ಟು’, ಕನ್ನಡದ ‘ಅಣೆಕಟ್ಟು’.